ತಾರೀಖಿಲ್ಲದ ನಕ್ಷೆ: ಕಲಬುರಗಿ, ಯಾದಗಿರಿ, ಬೀದರ್ ಅಂಕಿಅಂಶ ದಾರಿ ತಪ್ಪುವುದೆಲ್ಲಿ?

2001ರ ಜನಗಣತಿಯಲ್ಲಿ ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. 2011ರಲ್ಲಿ ಅದೇ ಹೆಸರಿನ ಜಿಲ್ಲೆಯದು 25,66,326. ಎರಡೂ ಪಟ್ಟಿಗಳನ್ನು ಜಿಐಎಸ್‌ಗೆ (ನಕ್ಷೆಗೆ ಅಂಕಿಅಂಶ ಜೋಡಿಸುವ ತಂತ್ರಾಂಶ) ತಂದು, ಜಿಲ್ಲೆಯ ಹೆಸರಿನ ಮೇಲೆ ಜಾಯಿನ್ ಮಾಡಿ, ಅಂದರೆ ಒಂದೇ ಹೆಸರಿನ ಸಾಲುಗಳನ್ನು ಜೋಡಿಸಿ, ವ್ಯತ್ಯಾಸ ತೆಗೆದರೆ ಹತ್ತು ವರ್ಷದಲ್ಲಿ 5,64,596 ಮಂದಿ ಕಡಿಮೆಯಾದಂತೆ ಕಾಣುತ್ತದೆ. ಅಂದರೆ ಶೇ 18ರ ಇಳಿಕೆ. ನಕ್ಷೆ ನೋಡಿದವರು ಇದನ್ನು ನಂಬಿಯೂ ಬಿಡುತ್ತಾರೆ. ಈ ಭಾಗದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಾರಣ ಮೊದಲೇ ಸಿದ್ಧವಿದ್ದಾಗ ಲೆಕ್ಕವನ್ನು ಯಾರೂ ಮತ್ತೆ ತೆಗೆದು ನೋಡುವುದಿಲ್ಲ.

ನಡೆದದ್ದು ಬೇರೆ. ಈ ಎರಡು ಗಣತಿಗಳ ನಡುವೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಗುಲಬರ್ಗಾದ ಗಡಿಯೊಳಗೆ 2001ರಲ್ಲಿ ಇದ್ದವರು 21,74,742 ಮಂದಿ. ಅವರು 25,66,326 ಆದರು ಎಂದರೆ ಶೇ 18ರ ಏರಿಕೆ. ಯಾದಗಿರಿಯ ಭಾಗ 9,56,180ರಿಂದ 11,74,271ಕ್ಕೆ ಬೆಳೆಯಿತು, ಅದು ಶೇ 22.8. ತಪ್ಪು ಲೆಕ್ಕದಲ್ಲೂ 18, ಸರಿ ಲೆಕ್ಕದಲ್ಲೂ 18. ಒಂದು ಇಳಿಕೆ, ಇನ್ನೊಂದು ಏರಿಕೆ.

ಈ ತಪ್ಪು ಇನ್ನೊಮ್ಮೆ, ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ ಆಗುವ ಸಂದರ್ಭ ಹತ್ತಿರದಲ್ಲಿದೆ. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಅದನ್ನು ಹೋಲಿಸಬೇಕಾದದ್ದು 2011ರ ಮಾರ್ಚ್ 1ರ ಲೆಕ್ಕದ ಜೊತೆ. ಈ ಹದಿನಾರು ವರ್ಷಗಳ ನಡುವೆ, 2018ರಲ್ಲಿ, ಈ ಮೂರು ಜಿಲ್ಲೆಗಳ ತಾಲ್ಲೂಕು ನಕ್ಷೆಯೇ ಬದಲಾಗಿದೆ. ಕಲಬುರಗಿಯಲ್ಲಿ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ. ಯಾದಗಿರಿಯಲ್ಲಿ ಗುರುಮಠಕಲ್, ಹುಣಸಗಿ, ವಡಗೇರಾ. ಬೀದರ್‌ನಲ್ಲಿ ಚಿಟಗುಪ್ಪ, ಹುಲಸೂರ, ಕಮಲನಗರ. ಹತ್ತು ಹೊಸ ತಾಲ್ಲೂಕು ಬಂದವು ಎಂದರೆ ಅವುಗಳಿಗೆ ಊರುಗಳನ್ನು ಬಿಟ್ಟುಕೊಟ್ಟ ಹಳೆಯ ತಾಲ್ಲೂಕುಗಳೂ ಕಿರಿದಾದವು ಎಂದರ್ಥ. ಜೇವರ್ಗಿಯ 2011ರ ಅಂಕಿಯಲ್ಲಿ ಯಡ್ರಾಮಿ ಭಾಗವೂ ಇದೆ, 2027ರದ್ದರಲ್ಲಿ ಇರುವುದಿಲ್ಲ. ಹೆಸರು ಮಾತ್ರ ಅದೇ ಜೇವರ್ಗಿ.

ಜಿಐಎಸ್‌ನಲ್ಲಿ ಕಾಲವನ್ನು ನಿಭಾಯಿಸುವುದು ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಸ್ಲೈಡರ್ ಎಳೆದರೆ ಬಣ್ಣ ಬದಲಾಗುವ ಅನಿಮೇಷನ್. ಅದು ಕೊನೆಯ ಕೆಲಸ, ಸುಲಭದ ಕೆಲಸವೂ ಹೌದು. ಮೊದಲ ಕೆಲಸ ನಕ್ಷೆಯ ಪ್ರತಿ ಆಕೃತಿಗೂ, ಪ್ರತಿ ಅಂಕಿಗೂ ಅದು ಯಾವತ್ತಿನಿಂದ ಯಾವತ್ತಿನವರೆಗೆ ನಿಜ ಎಂದು ಬರೆದಿಡುವುದು. ನಮ್ಮಲ್ಲಿ ಬಹುಪಾಲು ಲೇಯರ್‌ಗಳಲ್ಲಿ (ನಕ್ಷೆಯ ಪದರಗಳಲ್ಲಿ) ಈ ಮಾಹಿತಿಯೇ ಇರುವುದಿಲ್ಲ. ಹೊಸ ಗಡಿ ಬಂದ ದಿನ ಹಳೆಯ ಫೈಲ್‌ನ ಮೇಲೆಯೇ ಹೊಸದನ್ನು ಸೇವ್ ಮಾಡಿಬಿಡುತ್ತಾರೆ. ಆ ಕ್ಷಣದಿಂದ ಹಿಂದಿನ ಯಾವ ಅಂಕಿಯನ್ನೂ ಸರಿಯಾಗಿ ಕೂರಿಸಲು ಜಾಗ ಉಳಿಯುವುದಿಲ್ಲ.

ಗಡಿಗೂ ಹುಟ್ಟಿದ ದಿನ, ಮುಗಿದ ದಿನ ಬೇಕು

ಜಿಲ್ಲಾ ಲೇಯರ್‌ನಲ್ಲಿ ಎರಡು ಕಾಲಂ ಸೇರಿಸಿ: ಆರಂಭ ದಿನ, ಅಂತ್ಯ ದಿನ. ಅವಿಭಜಿತ ಗುಲಬರ್ಗಾ ಒಂದು ಸಾಲು. ಅದರ ಆರಂಭ 1956-11-01, ಅಂತ್ಯ 2009-12-30. ವಿಭಜನೆಯ ನಂತರದ ಗುಲಬರ್ಗಾ ಎರಡನೇ ಸಾಲು, ಯಾದಗಿರಿ ಮೂರನೆಯದು. ಎರಡರ ಆರಂಭವೂ 2009-12-30, ಅಂತ್ಯ ಖಾಲಿ. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು. ಅಲ್ಲಿ ಗಡಿ ಬದಲಾಗಿಲ್ಲ, ಹೆಸರು ಮಾತ್ರ ಬದಲಾಗಿದೆ. ಆದ್ದರಿಂದ ಹೆಸರುಗಳನ್ನು ಪ್ರತ್ಯೇಕ ಟೇಬಲ್‌ನಲ್ಲಿ, ಅವುಗಳದೇ ಆರಂಭ–ಅಂತ್ಯದೊಂದಿಗೆ ಇಡುವುದು ಒಳ್ಳೆಯದು. ಇಲ್ಲದಿದ್ದರೆ ಒಂದೇ ಪಾಲಿಗಾನ್ (ಗಡಿಯ ಆಕೃತಿ) ಎರಡು ಸಾಲಿನಲ್ಲಿ ಕೂತು, ಮುಂದೆ ಒಂದನ್ನು ತಿದ್ದಿದವರು ಇನ್ನೊಂದನ್ನು ಮರೆಯುತ್ತಾರೆ.

ಅಂತ್ಯ ದಿನವನ್ನು ಆ ಅವಧಿಯ ಒಳಗೆ ಸೇರಿಸಬೇಕೋ ಬೇಡವೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಆರಂಭ ಸೇರಿ, ಅಂತ್ಯ ಬಿಟ್ಟು ಎಂಬ ನಿಯಮವೇ ಸರಿ. ಎರಡನ್ನೂ ಸೇರಿಸಿದರೆ 2009ರ ಡಿಸೆಂಬರ್ 30ರ ನಕ್ಷೆ ಕೇಳಿದಾಗ ಹಳೆಯ ಗುಲಬರ್ಗಾ, ಹೊಸ ಗುಲಬರ್ಗಾ, ಯಾದಗಿರಿ ಮೂರೂ ಒಂದರ ಮೇಲೊಂದು ಬಂದು ವಿಸ್ತೀರ್ಣ ಇಮ್ಮಡಿಯಾಗುತ್ತದೆ. ಅದನ್ನು ತಪ್ಪಿಸಲು ಹಳೆಯದರ ಅಂತ್ಯವನ್ನು ಡಿಸೆಂಬರ್ 29 ಎಂದು ಬರೆಯುವವರಿದ್ದಾರೆ. ಬರೀ ದಿನಾಂಕ ಇರುವವರೆಗೆ ಅದು ನಡೆಯುತ್ತದೆ. ಯಾರಾದರೂ ಗಂಟೆ–ನಿಮಿಷ ಇರುವ ದತ್ತಾಂಶವನ್ನು ಜೋಡಿಸಿದ ದಿನ 29ರ ಮಧ್ಯರಾತ್ರಿಗೂ 30ರ ಮಧ್ಯರಾತ್ರಿಗೂ ನಡುವೆ 24 ಗಂಟೆ ಆ ಪ್ರದೇಶಕ್ಕೆ ಜಿಲ್ಲೆಯೇ ಇರುವುದಿಲ್ಲ.

ಪೋಸ್ಟ್‌ಗ್ರೆಸ್ ದತ್ತಾಂಶಕೋಶಕ್ಕೆ ನಕ್ಷೆ ಸೇರಿಸುವ ಪೋಸ್ಟ್‌ಜಿಐಎಸ್ ಬಳಸುವವರು ಎರಡು ಕಾಲಂ ಬದಲು ಡೇಟ್‌ರೇಂಜ್ ಎಂಬ ಒಂದೇ ಕಾಲಂ ಇಡಬಹುದು. ಬಿಟ್ರೀ–ಜಿಸ್ಟ್ ಎಕ್ಸ್‌ಟೆನ್ಶನ್ ಹಾಕಿ, ಒಂದೇ ಘಟಕದ ಎರಡು ಅವಧಿಗಳು ಒಂದರ ಮೇಲೊಂದು ಬೀಳಬಾರದು ಎಂಬ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಬರೆದರೆ ತಪ್ಪು ಸಾಲು ಒಳಗೇ ಬರುವುದಿಲ್ಲ. 2025ರಲ್ಲಿ ಬಂದ ಪೋಸ್ಟ್‌ಗ್ರೆಸ್ 18ರಲ್ಲಿ ಪ್ರೈಮರಿ ಕೀಯಲ್ಲೇ 'ವಿದೌಟ್ ಓವರ್‌ಲ್ಯಾಪ್ಸ್' ಎಂದು ಬರೆಯುವ ಅನುಕೂಲವಿದೆ. ಆದರೆ ಇದು ಒಂದೇ ಜಿಲ್ಲೆಯ ಅವಧಿಗಳನ್ನು ಮಾತ್ರ ಕಾಯುತ್ತದೆ. ಎರಡು ಬೇರೆ ಜಿಲ್ಲೆಗಳು ಒಂದೇ ದಿನ ಒಂದೇ ನೆಲದ ಮೇಲೆ ಕೂತಿದ್ದರೆ ಅದು ಹಿಡಿಯುವುದಿಲ್ಲ. ಅದಕ್ಕೆ ಬದಲಾವಣೆಯ ಹಿಂದಿನ ದಿನ, ಅದೇ ದಿನ, ಮರುದಿನ, ಈ ಮೂರು ದಿನಾಂಕಕ್ಕೆ ನಕ್ಷೆ ತೆಗೆದು ಒಟ್ಟು ವಿಸ್ತೀರ್ಣ ಒಂದೇ ಇದೆಯೇ ಎಂದು ನೋಡಬೇಕು.

ಹಾಗಾದರೆ ಯಾದಗಿರಿಯ ಆರಂಭ ದಿನ ಯಾವುದು? 2009ರ ಡಿಸೆಂಬರ್ 30 ಎಂದು ಕೆಲವೆಡೆ, 2010ರ ಏಪ್ರಿಲ್ 10 ಎಂದು ಇನ್ನು ಕೆಲವೆಡೆ ಬರೆದಿರುವುದು ಕಾಣುತ್ತದೆ. ಮೂರು ತಿಂಗಳಿಗಿಂತ ಸ್ವಲ್ಪ ಹೆಚ್ಚಿನ ವ್ಯತ್ಯಾಸ ಏನು ಮಹಾ ಎನ್ನಬಹುದು. ಆದರೆ 2011ರ ಜನಗಣತಿಗೆ ಆಡಳಿತ ಗಡಿಗಳನ್ನು ಸ್ಥಗಿತಗೊಳಿಸಿದ ದಿನ 2009ರ ಡಿಸೆಂಬರ್ 31. ಏಪ್ರಿಲ್ 10 ಎಂದು ನಮೂದಿಸಿದರೆ ಡಿಸೆಂಬರ್ 31ರ ನಕ್ಷೆಯಲ್ಲಿ ಯಾದಗಿರಿ ಇರುವುದೇ ಇಲ್ಲ, ಜನಗಣತಿಯ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಘೋಷಣೆ, ಅಧಿಸೂಚನೆ, ಜಾರಿ, ಉದ್ಘಾಟನೆ ಈ ನಾಲ್ಕರಲ್ಲಿ ಯಾವುದನ್ನು ಆರಂಭವೆಂದು ಹಿಡಿಯುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿ, ಎಲ್ಲ ಸಾಲಿಗೂ ಅದನ್ನೇ ಪಾಲಿಸಬೇಕು. ಅಧಿಸೂಚನೆ ಜಾರಿಗೆ ಬಂದ ದಿನವೇ ನ್ಯಾಯವಾದ ಆಯ್ಕೆ. ಮುಂದಿನ ಗಣತಿಗೂ 2025ರ ಡಿಸೆಂಬರ್ 31ರೊಳಗೆ ಗಡಿ ಬದಲಾವಣೆ ಮುಗಿಸಬೇಕೆಂದು ರಾಜ್ಯಗಳಿಗೆ ಸೂಚನೆ ಹೋಗಿತ್ತು. ಹಾಗಾಗಿ ಆ ದಿನಕ್ಕೆ ಸರಿಹೊಂದುವ ಗ್ರಾಮ–ತಾಲ್ಲೂಕು ಲೇಯರ್‌ನ ಒಂದು ಪ್ರತಿಯನ್ನು ಯಾರೂ ಮುಟ್ಟದಂತೆ ಎತ್ತಿಡಬೇಕು.

1951ರ ಗಣತಿಗೆ ಹೋಗುವವರಿಗೆ ಇನ್ನೂ ಒಂದು ಗಡಿ ದಾಟಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದದ್ದು ಕೊಡಂಗಲ್, ತಾಂಡೂರು ತಾಲ್ಲೂಕುಗಳನ್ನು ಬಿಟ್ಟು. ಬೀದರ್ ಬಂದದ್ದು ಅಹಮದಪುರ, ನಿಲಂಗಾ, ಉದಗೀರ್ ಮೊದಲಾದವನ್ನು ಬಿಟ್ಟು. ಇಂದಿನ ಬೀದರ್‌ನ ಪಾಲಿಗಾನ್ ಮೇಲೆ 1951ರ ಬೀದರ್‌ನ ಅಂಕಿ ಹಾಕಿದರೆ ಮಹಾರಾಷ್ಟ್ರದ ಜನರನ್ನೂ ಭಾಲ್ಕಿ, ಔರಾದ್‌ನಲ್ಲಿ ಎಣಿಸಿದಂತಾಗುತ್ತದೆ.

ಗ್ರಾಮದಿಂದ ಮೇಲಕ್ಕೆ

ತಾಲ್ಲೂಕು ಮಟ್ಟದಲ್ಲಿ ಕೂತು ಗಡಿ ಬದಲಾವಣೆಯನ್ನು ಸರಿಪಡಿಸಲು ಆಗುವುದಿಲ್ಲ. ಹಳೆಯ ಜೇವರ್ಗಿಯ ಜನಸಂಖ್ಯೆಯನ್ನು ವಿಸ್ತೀರ್ಣದ ಪ್ರಕಾರ ಜೇವರ್ಗಿಗೂ ಯಡ್ರಾಮಿಗೂ ಹಂಚುವುದು ಸುಲಭ. ಆದರೆ ಜೇವರ್ಗಿ ಪಟ್ಟಣದ ಜನರಲ್ಲಿ ಒಂದು ಪಾಲು ಯಡ್ರಾಮಿಯ ಹೊಲಗಳಿಗೆ ಹೋಗಿ ಕೂರುತ್ತದೆ. ಗ್ರಾಮವನ್ನು ಮೂಲ ಘಟಕ ಮಾಡಿಕೊಂಡು ಮೇಲಕ್ಕೆ ಕೂಡಿಸಿಕೊಂಡು ಬರುವುದೊಂದೇ ನಂಬಬಹುದಾದ ದಾರಿ. ಅದಕ್ಕೊಂದು ಹೊಂದಾಣಿಕೆ ಟೇಬಲ್ ಬೇಕು. ಅದರಲ್ಲಿ 2001ರ ಗ್ರಾಮ ಸಂಕೇತ, 2011ರ ಸಂಕೇತ, ಎಲ್‌ಜಿಡಿ (ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಘಟಕಗಳ ಪಟ್ಟಿ) ಸಂಕೇತ, ಈಗಿನ ತಾಲ್ಲೂಕು, ಪಾಲು, ಯಾವತ್ತಿನಿಂದ ಎಂಬ ಆರು ಕಾಲಂ ಸಾಕು. ಬಹುತೇಕ ಗ್ರಾಮಗಳಿಗೆ ಪಾಲು 1 ಇರುತ್ತದೆ. ಒಂದು ಗ್ರಾಮದ ಅಂಚು ಪಟ್ಟಣದ ಮಿತಿಯೊಳಗೆ ಹೋಗಿದ್ದರೆ ಮಾತ್ರ 0.7, 0.3 ಹೀಗೆ ಒಡೆಯಬೇಕು. ಆ ಪಾಲನ್ನು ವಿಸ್ತೀರ್ಣದ ಮೇಲೆ ಹಾಕದೆ ಮನೆಗಳು ಎಲ್ಲಿವೆ ಎಂಬುದರ ಮೇಲೆ ಹಾಕಬೇಕು.

ಸಂಕೇತಗಳಲ್ಲೇ ಒಂದು ತೊಡಕಿದೆ. 2001ರಲ್ಲಿ ಜಿಲ್ಲೆಗಳಿಗೆ ರಾಜ್ಯದೊಳಗಿನ ಸರಣಿ ಸಂಖ್ಯೆ ಇತ್ತು, ಗುಲಬರ್ಗಾ 04. 2011ರಲ್ಲಿ ಇಡೀ ದೇಶಕ್ಕೆ ಒಂದೇ ಸರಣಿ ಬಂತು: ಗುಲಬರ್ಗಾ 579, ಯಾದಗಿರಿ 580. ಎರಡರ ನಡುವೆ ಯಾವ ಗಣಿತದ ಸಂಬಂಧವೂ ಇಲ್ಲ. ಜೊತೆಗೆ ಎಕ್ಸೆಲ್‌ನಲ್ಲಿ ಫೈಲ್ ತೆರೆದ ಕೂಡಲೇ 04 ಎಂಬುದು 4 ಆಗಿ ಜಾಯಿನ್ ವಿಫಲವಾಗುತ್ತದೆ. ಸಂಕೇತದ ಕಾಲಂಗಳನ್ನು ಯಾವಾಗಲೂ ಟೆಕ್ಸ್ಟ್ ಆಗಿಯೇ ತರಬೇಕು. ಟೇಬಲ್ ಸಿದ್ಧವಾದ ಮೇಲೆ 2011ರ ಗ್ರಾಮಗಳ ಮತ್ತು ಪಟ್ಟಣಗಳ ಜನಸಂಖ್ಯೆಯನ್ನು ಈಗಿನ ತಾಲ್ಲೂಕುವಾರು ಕೂಡಿಸಿ. ಆ ತಾಲ್ಲೂಕುಗಳ ಮೊತ್ತ ಬೀದರ್‌ಗೆ 17,03,300, ಯಾದಗಿರಿಗೆ 11,74,271 ಬರಲೇಬೇಕು. ಒಬ್ಬರು ಹೆಚ್ಚು ಕಡಿಮೆ ಬಂದರೂ ಎಲ್ಲೋ ಒಂದು ಊರು ಎರಡು ಕಡೆ ಸೇರಿದೆ ಅಥವಾ ಬಿಟ್ಟುಹೋಗಿದೆ.

ಇದೇ ಸಮಸ್ಯೆ ಸಣ್ಣ ರೂಪದಲ್ಲಿ ಹೊಲದ ಮಟ್ಟದಲ್ಲೂ ಇದೆ, ಅಲ್ಲಿ ಅದರ ಪೆಟ್ಟು ನೇರ ರೈತನಿಗೆ. ಸರ್ವೆ ನಂಬರ್ 45 ಅಣ್ಣತಮ್ಮಂದಿರ ನಡುವೆ ಪಾಲಾಗಿ ಪೋಡಿಯಾದ ಮೇಲೆ ಎರಡು ಹಿಸ್ಸಾ ಆಗುತ್ತದೆ ಅನ್ನಿ. ಪೋಡಿಗೆ ಮುಂಚಿನ ವರ್ಷಗಳ ಬೆಳೆ ವಿವರ ಇಡೀ 45ಕ್ಕೆ ಸೇರಿದ್ದು. ನಕ್ಷೆಯಲ್ಲಿ ಹಳೆಯ 45 ಅಳಿಸಿಹೋಗಿದ್ದರೆ ಸಾಫ್ಟ್‌ವೇರ್ ಅದನ್ನು ಎರಡೂ ಹಿಸ್ಸಾಗಳಿಗೆ ಅಂಟಿಸುತ್ತದೆ, ಇಲ್ಲವೇ ಎರಡಕ್ಕೂ ಏನೂ ಇಲ್ಲ ಎಂದು ತೋರಿಸುತ್ತದೆ. ತೊಗರಿ ಇದ್ದದ್ದು ಒಂದು ಪಾಲಿನಲ್ಲಿ, ಜೋಳ ಇದ್ದದ್ದು ಇನ್ನೊಂದರಲ್ಲಿ ಆಗಿರಬಹುದು. ಹಳೆಯ ಪಾಲಿಗಾನ್ ಅನ್ನು ಅಂತ್ಯ ದಿನ ಹಾಕಿ ಉಳಿಸಿಕೊಂಡು, ತಾಯಿ ನಂಬರ್ ಯಾವುದು, ಮಗು ನಂಬರ್ ಯಾವುದು ಎಂಬ ವಂಶಾವಳಿ ಟೇಬಲ್ ಬೇರೆಯಾಗಿ ಇಟ್ಟರೆ ಎರಡೂ ತಪ್ಪು ತಪ್ಪುತ್ತವೆ.

ಇಲ್ಲಿ ಇನ್ನೊಂದು ದಿನಾಂಕವೂ ಬೇಕು: ಆ ಬದಲಾವಣೆ ನಮ್ಮ ದತ್ತಾಂಶಕ್ಕೆ ಸೇರಿದ ದಿನ. ಪೋಡಿ ಜೂನ್‌ನಲ್ಲಿ ಆಗಿ ಲೇಯರ್‌ಗೆ ಅಕ್ಟೋಬರ್‌ನಲ್ಲಿ ಸೇರಿದ್ದರೆ, ಆಗಸ್ಟ್‌ನಲ್ಲಿ ಬೆಳೆ ವಿಮೆಗೆ ನೋಂದಾಯಿಸಿದಾಗ ಕಚೇರಿಯ ಮುಂದೆ ಇದ್ದದ್ದು ಹಳೆಯ ನಕ್ಷೆ. ಮುಂದೆ ತಕರಾರು ಬಂದಾಗ ಕೇಳಬೇಕಾದ ಪ್ರಶ್ನೆಗಳು ಎರಡು: ಆ ದಿನ ಹೊಲ ಹೇಗಿತ್ತು, ಆ ದಿನ ದಾಖಲೆಯಲ್ಲಿ ಹೇಗೆ ಕಾಣುತ್ತಿತ್ತು. ಒಂದೇ ದಿನಾಂಕದ ಕಾಲಂ ಎರಡಕ್ಕೂ ಉತ್ತರ ಕೊಡಲಾರದು. ಸಮೀಕ್ಷೆ ಆ್ಯಪ್‌ಗಳ ದತ್ತಾಂಶಕ್ಕೂ ಇದೇ ಮಾತು. ನೆಟ್‌ವರ್ಕ್ ಸಿಗದ ಹೊಲದಲ್ಲಿ ತೆಗೆದ ಫೋಟೊ ವಾರ ಕಳೆದು ಅಪ್‌ಲೋಡ್ ಆಗುತ್ತದೆ. ರಾಶಿಯ ಕಾಲದಲ್ಲಿ ಒಂದು ವಾರವೆಂದರೆ ಬೆಳೆ ನಿಂತಿರುವುದಕ್ಕೂ ಹೊಲ ಖಾಲಿಯಾಗಿರುವುದಕ್ಕೂ ಇರುವ ವ್ಯತ್ಯಾಸ. ಫೋಟೊ ತೆಗೆದ ಸಮಯ, ಅಪ್‌ಲೋಡ್ ಆದ ಸಮಯ ಎರಡೂ ಉಳಿಯಬೇಕು.

ಎಕ್ಸೆಲ್, ಶೇಪ್‌ಫೈಲ್ ಮಾಡುವ ಹಾನಿ

ಕಚೇರಿಗಳಿಂದ ಬರುವ ಬಹುಪಾಲು ಪಟ್ಟಿಗಳಲ್ಲಿ ದಿನಾಂಕ 04-07-2023 ಎಂಬ ರೂಪದಲ್ಲಿರುತ್ತದೆ. ನಮಗೆ ಅದು ಜುಲೈ 4. ಕಂಪ್ಯೂಟರ್‌ನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಎಕ್ಸೆಲ್‌ಗೆ ಅದು ಏಪ್ರಿಲ್ 7. ಇದರ ಗುರುತು ಹಿಡಿಯುವುದು ಸುಲಭ. ದಿನ 12ಕ್ಕಿಂತ ಹೆಚ್ಚಿರುವ ಸಾಲುಗಳನ್ನು ಎಕ್ಸೆಲ್ ದಿನಾಂಕವಾಗಿ ಓದಲಾರದೆ ಟೆಕ್ಸ್ಟ್ ಆಗಿ ಬಿಡುತ್ತದೆ, ಅವು ಸೆಲ್‌ನ ಎಡಕ್ಕೆ ನಿಲ್ಲುತ್ತವೆ. ಉಳಿದವು ಬಲಕ್ಕೆ ಸರಿಯುತ್ತವೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಬಲಕ್ಕಿರುವ ಪ್ರತಿಯೊಂದರಲ್ಲೂ ದಿನ–ತಿಂಗಳು ಅದಲುಬದಲಾಗಿವೆ ಎಂದೇ ತಿಳಿಯಿರಿ. ಮೂಲ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆಯದೆ ನೇರ ಕ್ಯೂಜಿಐಎಸ್‌ಗೆ (ಉಚಿತ ಜಿಐಎಸ್ ತಂತ್ರಾಂಶ) ಟೆಕ್ಸ್ಟ್ ಆಗಿ ತಂದು, ಫೀಲ್ಡ್ ಕ್ಯಾಲ್ಕುಲೇಟರ್‌ನ 'ಟು ಡೇಟ್' ಫಂಕ್ಷನ್‌ಗೆ ಮಾದರಿಯನ್ನು ಸ್ಪಷ್ಟವಾಗಿ ಕೊಟ್ಟು ಪರಿವರ್ತಿಸುವುದು ಸುರಕ್ಷಿತ. ಮಾದರಿಯಲ್ಲಿ ತಿಂಗಳಿಗೆ ದೊಡ್ಡಕ್ಷರದ ಎಂ–ಎಂ, ನಿಮಿಷಕ್ಕೆ ಸಣ್ಣಕ್ಷರದ್ದು. ಇವೆರಡನ್ನು ಅದಲುಬದಲು ಮಾಡಿದರೆ ಖಾಲಿ ಉತ್ತರ ಬರಬಹುದು, ಅಥವಾ ಎಲ್ಲ ದಿನಾಂಕವೂ ಜನವರಿಗೆ ಬಂದು ಕೂರಬಹುದು.

ನಕ್ಷೆ ಉಳಿಸುವ ಹಳೆಯ ಫೈಲ್ ಮಾದರಿಯಾದ ಶೇಪ್‌ಫೈಲ್‌ನ ಡಿಬಿಎಫ್‌ನಲ್ಲಿ (ಅದರ ಅಂಕಿಗಳ ಪಟ್ಟಿ) ದಿನಾಂಕಕ್ಕೆ ಜಾಗವಿದೆ, ಗಂಟೆಗೆ ಇಲ್ಲ. ಮಳೆಮಾಪಕದ 15 ನಿಮಿಷದ ಅಂಕಿಗಳನ್ನು ಶೇಪ್‌ಫೈಲ್‌ಗೆ ಎಕ್ಸ್‌ಪೋರ್ಟ್ ಮಾಡಿದರೆ ಸಮಯ ಕತ್ತರಿಸಿಹೋಗುತ್ತದೆ ಅಥವಾ ಬರೀ ಟೆಕ್ಸ್ಟ್ ಆಗುತ್ತದೆ. ಕಾಲದ ದತ್ತಾಂಶಕ್ಕೆ ಜಿಯೊಪ್ಯಾಕೇಜ್ ಎಂಬ ಫೈಲ್ ಮಾದರಿ ಬಳಸಿ.

ಒಂದೇ ತಾರೀಖು, ಬೇರೆ ಬೇರೆ ದಿನ

2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡ ಬಳಿ ಕರಾವಳಿ ದಾಟಿದ ವಾಯುಭಾರ ಕುಸಿತ ತೆಲಂಗಾಣ ಹಾದು ನಮ್ಮ ಕಡೆ ಬಂತು. ಭಾರಿ ಮಳೆಯಾಯಿತು, ಭೀಮಾ ಉಕ್ಕಿ ಹರಿಯಿತು. ಆ ಮಳೆಯ ನಕ್ಷೆ ಮಾಡಲು ಹವಾಮಾನ ಇಲಾಖೆಯ ಅಂಕಿಯನ್ನೂ ಉಪಗ್ರಹ ಆಧಾರಿತ ಐಮರ್ಗ್ ಅಂಕಿಯನ್ನೂ ತೆಗೆದುಕೊಂಡು 'ಅಕ್ಟೋಬರ್ 14' ಎಂದು ಜೋಡಿಸಿದರೆ ಎರಡೂ ತಾಳೆಯಾಗುವುದಿಲ್ಲ. ಇಲಾಖೆಯ ಅಕ್ಟೋಬರ್ 14 ಎಂದರೆ 13ರ ಬೆಳಿಗ್ಗೆ 8.30ರಿಂದ 14ರ ಬೆಳಿಗ್ಗೆ 8.30ರವರೆಗಿನ ಮಳೆ. ಐಮರ್ಗ್ ದಿನದ ಲೆಕ್ಕ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನ); ಅದರ ಅಕ್ಟೋಬರ್ 14 ನಮ್ಮ ಗಡಿಯಾರದಲ್ಲಿ 14ರ ಬೆಳಿಗ್ಗೆ 5.30ರಿಂದ 15ರ ಬೆಳಿಗ್ಗೆ 5.30ರವರೆಗೆ. ಎರಡಕ್ಕೂ ಸಾಮಾನ್ಯವಾಗಿರುವುದು 24 ಗಂಟೆಯಲ್ಲಿ ಮೂರೇ ಗಂಟೆ! ಇದನ್ನು ನೋಡದೆ ಉಪಗ್ರಹದ ಮಳೆ ಅಂದಾಜು ನಮ್ಮ ಭಾಗಕ್ಕೆ ಸರಿಹೊಂದುವುದಿಲ್ಲ ಎಂದು ಬರೆದುಬಿಡುವುದು ಅನ್ಯಾಯ.

ಪರಿಹಾರ ಕಷ್ಟವೇನಲ್ಲ. ಐಮರ್ಗ್‌ನ ಅರ್ಧ ಗಂಟೆಯ ಫೈಲ್‌ಗಳು ಸಿಗುತ್ತವೆ. ಹಿಂದಿನ ದಿನದ ಯುಟಿಸಿ 03:00ರಿಂದ ಆ ದಿನದ 03:00ರವರೆಗಿನ 48 ಫೈಲ್‌ಗಳನ್ನು ಕೂಡಿಸಿದರೆ ಇಲಾಖೆಯ ದಿನ ಸಿಗುತ್ತದೆ. ಆ ಫೈಲ್‌ಗಳಲ್ಲಿ ಇರುವುದು ಗಂಟೆಗೆ ಎಷ್ಟು ಮಿಲಿಮೀಟರ್ ಎಂಬ ದರ, ಆದ್ದರಿಂದ ಕೂಡಿಸುವ ಮುನ್ನ ಪ್ರತಿಯೊಂದನ್ನೂ 2ರಿಂದ ಭಾಗಿಸಬೇಕು. ಇಲ್ಲದಿದ್ದರೆ ಮಳೆ ಇಮ್ಮಡಿ ಬರುತ್ತದೆ.

ತೊಗರಿಯ ಕಾಲಮಾನ

ಈ ಭಾಗದಲ್ಲಿ ಉಪಗ್ರಹ ಚಿತ್ರಗಳ ಸರಣಿಯಿಂದ ಅತಿ ಹೆಚ್ಚು ಕೆಲಸ ಆಗಬೇಕಾದದ್ದು ತೊಗರಿಯಲ್ಲಿ. ಜೂನ್–ಜುಲೈನಲ್ಲಿ ಬಿತ್ತಿ ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡುವ ಬೆಳೆ ಇದು. ಅದು ಹೊಸ ವರ್ಷವನ್ನು ದಾಟುವುದರಿಂದಲೇ ಒಂದು ತಪ್ಪು ಹುಟ್ಟುತ್ತದೆ. ಕಟಾವಿನ ದಿನವನ್ನು ವರ್ಷದ ಎಷ್ಟನೇ ದಿನ ಎಂದು ದಾಖಲಿಸಿದರೆ ಒಂದು ಹೊಲಕ್ಕೆ 360 (ಡಿಸೆಂಬರ್ 26), ಪಕ್ಕದ ಹೊಲಕ್ಕೆ 10 (ಜನವರಿ 10) ಬರುತ್ತದೆ. ಸರಾಸರಿ 185, ಅಂದರೆ ಜುಲೈ 4. ತೊಗರಿ ಬಿತ್ತುವ ದಿನಗಳಲ್ಲಿ ತೊಗರಿ ಕಟಾವು! ಎರಡು ಅಂಕಿ ಇರುವಾಗ ಇದು ಕಣ್ಣಿಗೆ ಬೀಳುತ್ತದೆ. ಗ್ರಾಮವಾರು ಸರಾಸರಿಯಲ್ಲಿ 300, 270 ಎಂಬ ನಂಬುವಂಥ ಅಂಕಿಗಳಾಗಿ ಅಡಗಿ ಕೂರುತ್ತದೆ. ದಿನ ಎಣಿಕೆಯನ್ನು ಜೂನ್ 1ರಿಂದ ಶುರುಮಾಡಿದರೆ ಸಾಕು. ಮೋಡಿಸ್ ಎಂಬ ಉಪಗ್ರಹ ಸಂವೇದಕದ 16 ದಿನದ ಚಿತ್ರಗಳಲ್ಲೂ ಇದೇ ಅಂಚಿನಲ್ಲಿ ಎಚ್ಚರ ಬೇಕು. ಡಿಸೆಂಬರ್ 19ರ ಚಿತ್ರದ ನಂತರ ಮುಂದಿನದು ಜನವರಿ 4ರದ್ದಲ್ಲ, 1ರದ್ದು. 16 ಕೂಡಿಸುತ್ತ ಹೋಗುವ ಸ್ಕ್ರಿಪ್ಟ್ ಅಲ್ಲಿಂದ ಮುಂದೆ ಪ್ರತಿ ಚಿತ್ರಕ್ಕೂ ತಪ್ಪು ತಾರೀಖು ಹಾಕುತ್ತದೆ.

ಇನ್ನೊಂದು ತಪ್ಪು ಸೆಂಟಿನೆಲ್–2 ಉಪಗ್ರಹದ ಚಿತ್ರಗಳ ಬಳಕೆಯಲ್ಲಿದೆ, ಮತ್ತು ಅದು ಬಂದ ಸಮಯ ತೊಗರಿಗೆ ತೀರಾ ಕೆಟ್ಟದ್ದು. 2022ರ ಜನವರಿ 25ರಿಂದ ಆ ಚಿತ್ರಗಳ ಸಂಸ್ಕರಣೆಯ 04.00 ಆವೃತ್ತಿ ಜಾರಿಗೆ ಬಂತು. ಅಲ್ಲಿಂದಾಚೆಗೆ ಪ್ರತಿ ಬ್ಯಾಂಡ್‌ನ (ಬೆಳಕಿನ ಒಂದು ತರಂಗಪಟ್ಟಿ) ಅಂಕಿಗೂ 1,000 ಸೇರಿಸಿ ಕೊಡುತ್ತಾರೆ. ಬಳಸುವವರು ಅದನ್ನು ಕಳೆದು 10,000ದಿಂದ ಭಾಗಿಸಬೇಕು. ಕಳೆಯದಿದ್ದರೆ ಏನಾಗುತ್ತದೆ? ಹಸಿರು ತುಂಬಿದ ಹೊಲದಲ್ಲಿ ಸಮೀಪ–ಅವಕೆಂಪು (ನಿಯರ್ ಇನ್‌ಫ್ರಾರೆಡ್) ಬ್ಯಾಂಡ್ 3,000, ಕೆಂಪು ಬ್ಯಾಂಡ್ 600 ಎಂದಿಟ್ಟುಕೊಳ್ಳಿ. ಹಸಿರನ್ನು ಅಳೆಯುವ ಎನ್‌ಡಿವಿಐ ಸೂಚ್ಯಂಕ ಎಂದರೆ ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ್ದು: 2,400 ಭಾಗಿಸು 3,600, ಅಂದರೆ 0.67. ಅದೇ ಹೊಲಕ್ಕೆ 1,000 ಸೇರಿದ ಅಂಕಿ ಬಳಸಿದರೆ 2,400 ಭಾಗಿಸು 5,600, ಅಂದರೆ 0.43. ಬೆಳೆಗೆ ಏನೂ ಆಗಿಲ್ಲ, ನಕ್ಷೆಯಲ್ಲಿ ಒಣಗಿಹೋಗಿದೆ.

2022ರ ಕೊನೆಯಲ್ಲಿ ಕಲಬುರಗಿಯ ತೊಗರಿಗೆ ನೆಟೆ ರೋಗ ಬಂದು ನಿಜವಾಗಿಯೂ ಒಣಗಿತು. ಆ ಹಾನಿಯನ್ನು ಅಳೆಯಲು ಯಾರೇ ಆದರೂ ಮೊದಲು ಮಾಡುವುದು 2021ರ ನವೆಂಬರ್ ಚಿತ್ರದ ಜೊತೆ 2022ರ ನವೆಂಬರ್ ಚಿತ್ರವನ್ನು ಹೋಲಿಸುವುದು. ಮೊದಲನೆಯದು ಹಳೆಯ ಆವೃತ್ತಿ, ಎರಡನೆಯದು ಹೊಸದು. ರೋಗ ತಗಲಿದ ಹೊಲ, ತಗಲದ ಹೊಲ ಎರಡೂ ಕೆಂಪಾಗಿ ಕಾಣುತ್ತವೆ. ನಿಜವಾಗಿ ನಷ್ಟವಾದ ರೈತನಿಗೆ ಇದರಿಂದ ಅನುಕೂಲವಾಗುವುದಿಲ್ಲ. ಎಲ್ಲ ಕಡೆ ನಷ್ಟ ತೋರಿಸುವ ನಕ್ಷೆಯನ್ನು ಪರಿಶೀಲಕರು ಒಂದೆರಡು ಹಸಿರು ಹೊಲ ನೋಡಿದ ಕೂಡಲೇ ಇಡಿಯಾಗಿ ಪಕ್ಕಕ್ಕಿಡುತ್ತಾರೆ. ಬರೀ ತಾರೀಖು ನೋಡಿ 1,000 ಕಳೆಯುವುದೂ ಸರಿಯಲ್ಲ. ಹಳೆಯ ಚಿತ್ರಗಳನ್ನೂ ಹೊಸ ವಿಧಾನದಲ್ಲಿ ಮರುಸಂಸ್ಕರಿಸಿ ಬಿಡುಗಡೆ ಮಾಡಿದ್ದಾರೆ, ಅವುಗಳಲ್ಲೂ ಈ ಸೇರ್ಪಡೆ ಇದೆ. ಫೈಲ್ ಹೆಸರಿನಲ್ಲಿ 'ಎನ್' ಅಕ್ಷರದ ಮುಂದಿನ ನಾಲ್ಕು ಅಂಕಿ ನೋಡಬೇಕು: 0400 ಅಥವಾ ಹೆಚ್ಚಿದ್ದರೆ ಕಳೆಯಬೇಕು, 0301ರಂತೆ ಕಡಿಮೆ ಇದ್ದರೆ ಕಳೆಯಬಾರದು. ಗೂಗಲ್ ಅರ್ಥ್ ಎಂಜಿನ್ ಬಳಸುವವರು ಸಂಗ್ರಹದ ಹೆಸರಿನ ಕೊನೆಯಲ್ಲಿ 'ಹಾರ್ಮನೈಸ್ಡ್' ಇರುವುದನ್ನೇ ಆರಿಸಿದರೆ ಈ ಕೆಲಸ ಮೊದಲೇ ಆಗಿರುತ್ತದೆ.

ಆವೃತ್ತಿ ಸರಿಪಡಿಸಿದ ಮೇಲೂ ತಾರೀಖಿಗೆ ತಾರೀಖು ಹೋಲಿಸುವುದು ಮಳೆಯಾಶ್ರಿತ ಬೆಳೆಗೆ ಒಗ್ಗುವುದಿಲ್ಲ. ಒಂದು ವರ್ಷ ಜೂನ್ 15ಕ್ಕೆ ಬಿತ್ತನೆ, ಮಳೆ ತಡವಾದ ವರ್ಷ ಜುಲೈ 8ಕ್ಕೆ. ಆಗಸ್ಟ್ 31ಕ್ಕೆ ಮೊದಲನೆಯದಕ್ಕೆ 77 ದಿನ, ಎರಡನೆಯದಕ್ಕೆ 54 ದಿನ. ತೊಗರಿ ಮೊದಲ ಎರಡು ತಿಂಗಳು ನಿಧಾನವಾಗಿ ಬೆಳೆಯುವುದರಿಂದ ಈ 23 ದಿನಗಳ ಅಂತರ ಚಿತ್ರದಲ್ಲಿ ದೊಡ್ಡದಾಗಿ ಕಾಣುತ್ತದೆ, ಬೆಳೆ ಆರೋಗ್ಯವಾಗಿದ್ದರೂ. ಬಿತ್ತನೆಯ ದಿನವನ್ನು ಸೊನ್ನೆ ಮಾಡಿಕೊಂಡು ವಯಸ್ಸಿಗೆ ವಯಸ್ಸು ಹೋಲಿಸಬೇಕು. ಬಿತ್ತನೆ ದಿನ ಗೊತ್ತಿಲ್ಲದಿದ್ದರೆ ಆ ಹೋಬಳಿಯಲ್ಲಿ ಬಿತ್ತಲು ಸಾಕಾಗುವಷ್ಟು ಹದ ಮಳೆ ಬಿದ್ದ ದಿನವನ್ನು ಹಿಡಿಯಬಹುದು. ಹೊಲದ ಎನ್‌ಡಿವಿಐ ಗೆರೆ ಮೇಲೇಳಲು ಶುರುವಾದ ದಿನ ಇನ್ನೂ ಉತ್ತಮ.

ಆ ಗೆರೆಗೆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಮೋಡದ ಕಾಟ ಇದ್ದೇ ಇದೆ. ಐದು ದಿನಕ್ಕೊಂದು ಚಿತ್ರ ಎಂಬುದು ಕಾಗದದ ಮೇಲಿನ ಲೆಕ್ಕ. ಮೋಡ ಬಿಟ್ಟು ಉಳಿದವುಗಳ ಮಾಸಿಕ ಮಧ್ಯಾಂಕ ತೆಗೆಯುವುದು ರೂಢಿ. ಆದರೆ 'ಆಗಸ್ಟ್' ಎಂಬ ಆ ಚಿತ್ರದಲ್ಲಿ ಒಂದು ಪಿಕ್ಸೆಲ್ ಆಗಸ್ಟ್ 2ರದ್ದು, ಪಕ್ಕದ್ದು 29ರದ್ದು ಆಗಿರಬಹುದು. ಪ್ರತಿ ಪಿಕ್ಸೆಲ್‌ಗೂ ಎಷ್ಟು ಚಿತ್ರ ಸಿಕ್ಕಿತು, ಅವುಗಳ ಸರಾಸರಿ ದಿನ ಯಾವುದು ಎಂಬ ಎರಡು ಬ್ಯಾಂಡ್‌ಗಳನ್ನು ಜೊತೆಗೇ ಉಳಿಸಿದರೆ ಬೆಳೆಯ ವ್ಯತ್ಯಾಸ ಯಾವುದು, ದಿನದ ವ್ಯತ್ಯಾಸ ಯಾವುದು ಎಂದು ಬೇರ್ಪಡಿಸಬಹುದು. ಬೀದರ್‌ನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಹೆಸರು, ಉದ್ದು ಆಗಸ್ಟ್–ಸೆಪ್ಟೆಂಬರ್‌ಗೆ ಬರುತ್ತವೆ, ಸೋಯಾ ಅಕ್ಟೋಬರ್ ಹೊತ್ತಿಗೆ, ತೊಗರಿ ಡಿಸೆಂಬರ್‌ವರೆಗೂ ನಿಂತಿರುತ್ತದೆ. ಬೆಳೆಗಳನ್ನು ಬೇರ್ಪಡಿಸುವುದೇ ಹಸಿರು ಇಳಿಯುವ ದಿನದ ಮೇಲೆ.

ಚಲಿಸುವ ನಕ್ಷೆ, ಪ್ರವಾಹದ ನಕ್ಷೆ

ದತ್ತಾಂಶ ಇಷ್ಟು ಸರಿಯಾದ ಮೇಲೆ ತೋರಿಸುವ ಕೆಲಸ. ಕ್ಯೂಜಿಐಎಸ್‌ನಲ್ಲಿ 2020ರ 3.14 ಆವೃತ್ತಿಯಿಂದ ಟೆಂಪೊರಲ್ ಕಂಟ್ರೋಲರ್ ಒಳಗೇ ಇದೆ. ಲೇಯರ್ ಪ್ರಾಪರ್ಟೀಸ್‌ನ ಟೆಂಪೊರಲ್ ಟ್ಯಾಬ್‌ನಲ್ಲಿ ಡೈನಾಮಿಕ್ ನಿಯಂತ್ರಣ ಟಿಕ್ ಮಾಡಿ. ಗಡಿಯಂಥ ಅವಧಿಯುಳ್ಳ ಲೇಯರ್‌ಗೆ ಆರಂಭ–ಅಂತ್ಯ ಪ್ರತ್ಯೇಕ ಫೀಲ್ಡ್ ಎಂಬುದನ್ನೂ, ಮಿತಿಯಲ್ಲಿ ಆರಂಭ ಸೇರಿ ಅಂತ್ಯ ಬಿಟ್ಟು ಎಂಬುದನ್ನೂ ಆರಿಸಿ. ಮಳೆಮಾಪಕದಂಥ ಕ್ಷಣದ ಅಂಕಿಗೆ ಒಂದೇ ಫೀಲ್ಡ್ ಸಾಕು, ಆದರೆ 15 ನಿಮಿಷದ ಅವಧಿ ಕೊಡಿ. ಆರಂಭ ದಿನಾಂಕವೇ ಖಾಲಿಯಿರುವ ಸಾಲುಗಳು ಎಲ್ಲ ಫ್ರೇಮ್‌ನಲ್ಲೂ ಕಾಣಿಸಿಕೊಳ್ಳಬಹುದು, ಮೊದಲೇ ಹುಡುಕಿ ತೆಗೆಯಿರಿ. ಐದು ದಿನಕ್ಕೊಂದು ಚಿತ್ರವಿರುವಾಗ ಒಂದು ದಿನದ ಹೆಜ್ಜೆ ಇಟ್ಟರೆ ಐದರಲ್ಲಿ ನಾಲ್ಕು ಫ್ರೇಮ್ ಖಾಲಿ. ಹಳೆಯ ಚಿತ್ರವನ್ನೇ ಮುಂದಿನದು ಬರುವವರೆಗೆ ಎಳೆದರೆ ಖಾಲಿ ತಪ್ಪುತ್ತದೆ, ಆದರೆ ನಿನ್ನೆಯದನ್ನು ಇವತ್ತಿನದು ಎಂದು ತೋರಿಸಿದಂತಾಗುತ್ತದೆ. ಹಾಗೆ ಮಾಡುವುದಾದರೆ ಫ್ರೇಮ್‌ನ ದಿನಾಂಕದ ಪಕ್ಕ ಚಿತ್ರದ ದಿನಾಂಕವನ್ನೂ ಬರೆಯಲೇಬೇಕು.

ಭೀಮಾ ತೀರದ ಪ್ರವಾಹದ ನಕ್ಷೆಗೆ ಇದು ಇನ್ನೂ ಹೆಚ್ಚು ಅನ್ವಯ. ಮೋಡದೊಳಗಿಂದ ನೋಡಬಲ್ಲದ್ದು ಸೆಂಟಿನೆಲ್–1ರ ರಾಡಾರ್. ಒಂದು ಉಪಗ್ರಹ ಅದೇ ಕಕ್ಷೆಯಲ್ಲಿ ಮರಳಿ ಬರುವುದು 12 ದಿನಕ್ಕೊಮ್ಮೆ, ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಅಥವಾ ಸಂಜೆ ಆರರ ಆಸುಪಾಸಿನಲ್ಲಿ. ಅದು ಹಿಡಿದದ್ದು ಆ ಗಳಿಗೆಯ ನೀರು. ಸೊನ್ನ ಬ್ಯಾರೇಜಿನಿಂದ ಅತಿ ಹೆಚ್ಚು ನೀರು ಹೋದ ಗಳಿಗೆ ಬೇರೆ ಇರಬಹುದು. ಅಫಜಲಪುರದಲ್ಲಿ ನೀರು ಇಳಿಯುತ್ತಿರುವಾಗ ಕೆಳಗೆ ಯಾದಗಿರಿ ಕಡೆ ಏರುತ್ತಿರುತ್ತದೆ. ಒಂದೇ ಚಿತ್ರದ ಎರಡು ತುದಿಗಳು ಪ್ರವಾಹದ ಎರಡು ಹಂತಗಳನ್ನು ತೋರಿಸುತ್ತವೆ. ಇದನ್ನು ಗರಿಷ್ಠ ಪ್ರವಾಹ ಎಂದು ಕರೆದು ಪರಿಹಾರದ ಪಟ್ಟಿ ಮಾಡಿದರೆ ಮೇಲ್ಭಾಗದ ಹಳ್ಳಿಗಳು ಬಿಟ್ಟುಹೋಗುತ್ತವೆ.

ಹೋಲಿಕೆಯ 'ಮೊದಲಿನ' ಚಿತ್ರವನ್ನು ಮೇ ತಿಂಗಳಿನಿಂದ ತೆಗೆದುಕೊಳ್ಳುವುದು ಅಭ್ಯಾಸವಾಗಿಬಿಟ್ಟಿದೆ, ಆಗ ಹೊಲ ಒಣಗಿರುತ್ತದೆ ಎಂದು. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗೆ ಶಹಾಪುರ, ಸುರಪುರ ಕಡೆ ಜುಲೈ–ಆಗಸ್ಟ್‌ನಲ್ಲಿ ಭತ್ತದ ಗದ್ದೆಗೆ ನೀರು ಕಟ್ಟಿರುತ್ತಾರೆ. ಮೇ ಚಿತ್ರದ ಎದುರು ಆಗಸ್ಟ್ ಚಿತ್ರ ಇಟ್ಟರೆ ಗದ್ದೆಗಳೆಲ್ಲ ಪ್ರವಾಹಪೀಡಿತ ಎಂದು ಬರುತ್ತವೆ. ಹಿಂದಿನ ವರ್ಷದ ಅದೇ ತಿಂಗಳ, ಅದೇ ಕಕ್ಷೆಯ, ಉಪಗ್ರಹ ಏರುಮುಖವೋ (ದಕ್ಷಿಣದಿಂದ ಉತ್ತರಕ್ಕೆ) ಇಳಿಮುಖವೋ (ಉತ್ತರದಿಂದ ದಕ್ಷಿಣಕ್ಕೆ) ಎಂಬುದೂ ಒಂದೇ ಇರುವ ಚಿತ್ರವನ್ನು ಹೋಲಿಕೆಗೆ ಬಳಸಬೇಕು. ಒಂದು ವರ್ಷ ಸಾಲದು. ಪ್ರವಾಹವಿಲ್ಲದ ಮೂರು ವರ್ಷಗಳ ಅದೇ ಹದಿನೈದು ದಿನಗಳ ಮಧ್ಯಾಂಕ ತೆಗೆದರೆ ಗದ್ದೆಯ ನೀರು ತಾನಾಗಿ ಕಳಚಿಕೊಳ್ಳುತ್ತದೆ. ನಕ್ಷೆಯ ಕೆಳಗೆ ಚಿತ್ರ ತೆಗೆದ ತಾರೀಖು, ಭಾರತೀಯ ಕಾಲಮಾನದಲ್ಲಿ ಗಂಟೆ–ನಿಮಿಷ, ಆ ಹೊತ್ತಿಗೆ ಹತ್ತಿರದ ಮಾಪನ ಕೇಂದ್ರದಲ್ಲಿ ನದಿಯ ಮಟ್ಟ, ಹೋಲಿಕೆಗೆ ಬಳಸಿದ ಚಿತ್ರಗಳ ತಾರೀಖು ಈ ನಾಲ್ಕನ್ನೂ ಮುದ್ರಿಸಬೇಕು.